ನೋವಿಲ್ಲದ ಫ್ಯಾಟಿ ಲಿವರ್

ಪ್ರಶ್ನೆ: ನನಗೆ 46 ವರ್ಷ, ತೂಕ 85 ಕಿಲೋ. ಮದ್ಯ ಮುಟ್ಟಿದವನಲ್ಲ. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಎಂದು ಬಂದಿದೆ. ರಕ್ತಪರೀಕ್ಷೆಯಲ್ಲಿ ಲಿವರ್ ಕಿಣ್ವಗಳು ಸರಿಯಾಗಿವೆ, ನೋವೂ ಇಲ್ಲ. ಸುಮ್ಮನಿರಬಹುದೇ?

ಉತ್ತರ: ದಯವಿಟ್ಟು ಸುಮ್ಮನಿರಬೇಡಿ. ಕಿಣ್ವಗಳು ಸರಿಯಿದ್ದರೂ ಯಕೃತ್ತು ಒಳಗೊಳಗೇ ಗಟ್ಟಿಯಾಗುತ್ತಿರಬಹುದು. ಅದನ್ನು ಅಂದಾಜಿಸಲು ವಯಸ್ಸು, ಪ್ಲೇಟ್‌ಲೆಟ್, ಎರಡು ಕಿಣ್ವಗಳಿಂದ ಲೆಕ್ಕಹಾಕುವ ಫಿಬ್-4 ಅಂಕವನ್ನು ವೈದ್ಯರಲ್ಲಿ ಕೇಳಿ. ನನಗೆ ಹೆಚ್ಚು ಕಳವಳ ನಿಮ್ಮ ಹೃದಯದ್ದು: ಈ ತೊಂದರೆಯಿರುವವರ ಸಾವಿಗೆ ಮೊದಲ ಕಾರಣ ಹೃದಯ, ರಕ್ತನಾಳಗಳ ಕಾಯಿಲೆಯೇ. ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿದ್ದಾಗ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ. ಮಧುಮೇಹಕ್ಕೂ ಅದೇ ದಾರಿ. ಸಕ್ಕರೆ, ರಕ್ತದೊತ್ತಡ, ಕೊಲೆಸ್ಟ್ರಾಲ್ ಪರೀಕ್ಷಿಸಿಕೊಳ್ಳಿ. ನನ್ನ ಬಳಿ ಬರುವವರು ಲಿವರ್ ಟಾನಿಕ್ ಕೇಳುತ್ತಾರೆ. ನಾನು ಮೊದಲು ಸೊಂಟದ ಸುತ್ತಳತೆ ತೆಗೆಯುತ್ತೇನೆ. ನಿಧಾನವಾಗಿ 6ರಿಂದ 8 ಕಿಲೋ ಇಳಿಸಿ. ಕೊಬ್ಬಿನ ಜೊತೆಗೆ ಯಕೃತ್ತಿನ ಉರಿಯೂತವೂ ತಗ್ಗುವ ಸಾಧ್ಯತೆ ಹೆಚ್ಚು.