ಮುದಿ ನಾಯಿಗೆ ಪಟಾಕಿ ಭಯವೇ? ಮೊದಲು ಸೊಂಟ ನೋಡಿ

ಪ್ರಶ್ನೆ: ಡಾಕ್ಟ್ರೇ, ನಮ್ಮ ಕರಿಯ ನಾಟಿ ನಾಯಿ, ಈಗ 12 ವರ್ಷ. ಹತ್ತು ದೀಪಾವಳಿ ಅಂಗಳದಲ್ಲೇ ಮಲಗಿ ಕಳೆದವನು. ಎರಡು ವರ್ಷದಿಂದ ಒಂದು ಪಟಾಕಿ ಹೊಡೆದರೆ ಸಾಕು, ಮಂಚದ ಕೆಳಗೆ ಸೇರಿ ಗಡಗಡ ನಡುಗುತ್ತಾನೆ. ಗಾಳಿಗೆ ಬಾಗಿಲು ದಢಾರ್ ಅಂದರೂ ಬೆಚ್ಚುತ್ತಾನೆ. ಆದರೆ ಹೆಸರು ಹಿಡಿದು ಕರೆದರೆ ತಿರುಗಿಯೂ ನೋಡಲ್ಲ. ಕಿವಿ ಮಂದ ಆದಮೇಲೆ ಭಯ ಕಡಿಮೆ ಆಗಬೇಕಿತ್ತಲ್ವಾ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಕಿವಿ ಒಂದೇ ಸಮ ಮಂದ ಆಗುವುದಿಲ್ಲ, ಅಲ್ಲೇ ಇರುವುದು ಗಮ್ಮತ್ತು. ನಮಗೆ ಹೆಚ್ಚೆಂದರೆ 20,000 ಹರ್ಟ್ಜ್‌ವರೆಗಿನ ಸದ್ದು ಕೇಳಿದರೆ ನಾಯಿಗೆ ಸುಮಾರು 45,000ದವರೆಗೂ ಕೇಳುತ್ತದೆ. ವಯಸ್ಸಾದಾಗ ಮೊದಲು ಕೈಕೊಡುವುದು ಈ ತೆಳ್ಳಗಿನ, ಏರು ಸದ್ದುಗಳು. ಬಾಂಬಿನ 'ಢಂ' ಮಾತ್ರ ಉಳಿದೇ ಇರುತ್ತದೆ, ನೆಲದ ಅದುರು ಬೇರೆ. ಮೊದಲಾದರೆ ಹುಡುಗರ ಗಲಾಟೆ ಕೇಳಿಯೇ ಕರಿಯ ಸಿದ್ಧನಾಗುತ್ತಿದ್ದನೋ ಏನೋ. ಈಗ ಸದ್ದು ಹೇಳದೆ ಕೇಳದೆ ಮೈಮೇಲೆ ಬೀಳುತ್ತದೆ.

ಆದರೂ ನನಗೆ ಜಾಸ್ತಿ ಅನುಮಾನ ಇರುವುದು ಅವನ ಸೊಂಟದ ಮೇಲೆ. ನಗಬೇಡಿ. ಬೆಚ್ಚಿದಾಗ ಮೈಯ ಸ್ನಾಯುಗಳೆಲ್ಲ ಒಮ್ಮೆಲೇ ಬಿಗಿಯುತ್ತವೆ. ಕೀಲು ಸವೆದಿದ್ದರೆ ಅದೇ ಗಳಿಗೆಗೆ ಚುಳ್ ಅನ್ನುತ್ತದೆ. 'ಸದ್ದು ಬಂತು, ನೋವು ಬಂತು' ಅಂತ ನಾಯಿ ಎರಡನ್ನೂ ಗಂಟುಹಾಕಿಕೊಳ್ಳುತ್ತದೆ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯ ಮತ್ತು ಬ್ರೆಜಿಲ್‌ನ ಸಂಶೋಧಕರು ಸದ್ದಿಗೆ ಹೆದರುವ 20 ನಾಯಿಗಳ ಕೇಸುಗಳನ್ನು ನೋಡಿ 2018ರಲ್ಲಿ ಬರೆದದ್ದೂ ಇದನ್ನೇ. ಮೈನೋವಿದ್ದ ನಾಯಿಗಳಲ್ಲಿ ಭಯ ಶುರುವಾಗಿದ್ದು ಉಳಿದವಕ್ಕಿಂತ ಸುಮಾರು ನಾಲ್ಕು ವರ್ಷ ತಡವಾಗಿ. ನೋವಿಗೆ ಔಷಧಿ ಸಿಕ್ಕ ಮೇಲೆ ಹೆಚ್ಚಿನವು ಸುಧಾರಿಸಿದವು. ಹತ್ತು ವರ್ಷ ಹೆದರದವನು ಈಗ ಹೆದರುತ್ತಿದ್ದಾನೆ ಅಂದರೆ ನೋವು ಇದೆಯಾ ಅಂತ ನೋಡಲೇಬೇಕು.

ಬೆಳಿಗ್ಗೆ ಅವನು ಏಳುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ. ಮುಂಗಾಲೂರಿ, ಒಂದು ಗಳಿಗೆ ತಡೆದು, ಆಮೇಲೆ ಹಿಂಭಾಗ ಎತ್ತುತ್ತಾನಾ? ಟೈಲ್ಸ್ ಮೇಲೆ ಹಿಂಗಾಲು ಜಾರುತ್ತಾ? ಮೆಟ್ಟಿಲ ಹತ್ತಿರ ಬಂದು ಸುಮ್ನೆ ನಿಲ್ಲುತ್ತಾನಾ? ಆ ವಿಡಿಯೊ ನಿಮ್ಮ ಪಶುವೈದ್ಯರಿಗೆ ತೋರಿಸಿ. ನಮ್ಮ ಟೇಬಲ್ ಮೇಲೆ ನಿಲ್ಲಿಸಿದಾಗ ಎಲ್ಲ ನಾಯಿಗಳೂ ಪೈಲ್ವಾನರೇ, ಕುಂಟುವುದು ಮನೆಯಲ್ಲಿ ಮಾತ್ರ! ಅಷ್ಟರಲ್ಲಿ ಓಡಾಡುವ ಕಡೆ ಗೋಣಿಚೀಲ ಹಾಸಿ. ನಿಮ್ಮ ಮಾತ್ರೆ ಡಬ್ಬಿಯ ಐಬುಪ್ರೊಫೆನ್ ಮಾತ್ರ ಬೇಡವೇ ಬೇಡ, ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ ಕೆಡುತ್ತದೆ.

ರಾತ್ರಿ ಸುಮ್ಮನೆ ಅಲೆಯುವುದು, ಗೋಡೆ ನೋಡುತ್ತಾ ನಿಲ್ಲುವುದು, ಮನೆಯೊಳಗೇ ಉಚ್ಚೆ ಹೊಯ್ಯುವುದು ಇದ್ದರೆ ಅದನ್ನೂ ಹೇಳಿ. ಅದು ಮುಪ್ಪಿನ ಮರೆವು ಇರಬಹುದು. ಕ್ಯಾಲಿಫೋರ್ನಿಯಾದ ಒಂದು ಅಧ್ಯಯನದಲ್ಲಿ 11-12 ವರ್ಷದ ನಾಯಿಗಳಲ್ಲಿ ಶೇ 28ಕ್ಕೆ ಇಂಥ ಒಂದಾದರೂ ಲಕ್ಷಣ ಇತ್ತು, 15-16ಕ್ಕೆ ಶೇ 68.

ಹಬ್ಬಕ್ಕೆ ಮೂರ್ನಾಲ್ಕು ವಾರ ಮೊದಲೇ ವೈದ್ಯರ ಹತ್ತಿರ ಹೋಗಿ. ಬರೀ ಮಂಪರು ಬರಿಸುವ ಅಸೆಪ್ರೊಮಜೀನ್ ಮಾತ್ರೆ ಒಂದೇ ಸಾಕು ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ನಾಯಿ ಅಲ್ಲಾಡದೆ ಮಲಗುತ್ತದೆ, ಒಳಗಿನ ಭಯ ಹಾಗೇ ಇರುತ್ತದೆ. ಭಯವನ್ನೇ ತಗ್ಗಿಸುವ ಔಷಧಿಗಳು ಬೇರೆ ಇವೆ. ಕತ್ತಲಾಗುವ ಮೊದಲೇ ವಾಕಿಂಗ್ ಮುಗಿಸಿ, ಒಳಕೋಣೆಯ ಕಿಟಕಿ ಮುಚ್ಚಿ, ಫ್ಯಾನ್ ಜೋರಾಗಿ ಹಾಕಿ. ಪಟಾಕಿಗೆ ರಾತ್ರಿ 8ರಿಂದ 10 ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ನಮ್ಮ ಬೀದಿಯಲ್ಲಂತೂ ಹತ್ತಾದ ಮೇಲೇ ಕಳೆ ಏರುವುದು!

ಪ್ರಶ್ನೆ: ಹೆದರಿದ ನಾಯಿಯನ್ನು ಮುದ್ದಿಸಿದರೆ ಭಯ ಇನ್ನೂ ಜಾಸ್ತಿ ಆಗುತ್ತಂತೆ, ಹೌದಾ?
– ಓದುಗರೊಬ್ಬರು, ಹಾಸನ

ಉತ್ತರ: ಇಲ್ಲ. ತಿಂಡಿ ಕೊಟ್ಟರೆ ಶೇಕ್‌ಹ್ಯಾಂಡ್ ಕಲಿಯುತ್ತದೆ, ನಿಜ. ನಡುಕ ಹಾಗೆ ಕಲಿಯುವ ಆಟವಲ್ಲ. ಹತ್ತಿರ ಬಂದರೆ ಮೈದಡವಿ. ಮಂಚದ ಕೆಳಗೇ ಇರುತ್ತೇನೆ ಅಂದರೆ ಎಳೆಯಬೇಡಿ, ಒಂದು ಬಟ್ಟಲು ನೀರು ಅಲ್ಲಿಗೇ ಸರಿಸಿ.