ಕೋಡಿಂಗ್ ಅಸಿಸ್ಟೆಂಟ್ ಕೈಗೆ ಪೆನ್ಸಿಲ್ ಕೊಡಿ, ಪೆನ್ನು ನಿಮ್ಮ ಹತ್ರ ಇರಲಿ

ಪ್ರಶ್ನೆ: ನಮ್ಮ ಟೀಮಿಗೆ ಅಂತ ಒಂದು ಚಿಕ್ಕ ಎಐ ಕೋಡಿಂಗ್ ಅಸಿಸ್ಟೆಂಟ್ ಮಾಡಿಕೊಂಡಿದ್ದೇವೆ. ಕೋಡ್ ಚೆನ್ನಾಗಿ ಬರೆಯುತ್ತೆ. ಆದರೆ ಈ ವಾರ ಯಾವ ಕೆಲಸ ಯಾವತ್ತು ಮಾಡೋಣ ಅಂತ ಕೇಳಿದರೆ ಬಾಯಿಗೆ ಬಂದ ತಾರೀಕು ಹೇಳುತ್ತೆ. ಇದಕ್ಕೆ ಕ್ಯಾಲೆಂಡರ್ ಜೋಡಿಸಿ ಪ್ಲಾನ್ ಮಾಡಿಸಬಹುದಾ? ಎಲ್ಲಿಂದ ಶುರು ಮಾಡಲಿ?

ಮಾಡಿಸಬಹುದು. ನಾನು ಶಿಡ್ಲಘಟ್ಟದ ಹತ್ತಿರ ನಮ್ಮೂರಲ್ಲೇ ಕೂತು ಬೆಂಗಳೂರಿನ ಒಂದು ಕಂಪನಿಗೆ ಕೆಲಸ ಮಾಡುತ್ತೇನೆ. ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತೇವೆ. ನೀವು ಕೇಳಿದಂಥದ್ದನ್ನೇ ನನಗೆ ಅಂತ ಕಟ್ಟಿಕೊಂಡು ಒಂದು ವರ್ಷದಿಂದ ಬಳಸುತ್ತಿದ್ದೇನೆ. ಹಾಗಾಗಿ ಅನುಭವದ ಮೇಲೇ ಹೇಳುತ್ತೇನೆ.

ಮೊದಲು ಆ ಬಾಯಿಗೆ ಬಂದ ತಾರೀಕಿನ ವಿಷಯ. ಇವತ್ತು ಯಾವ ದಿನ ಅನ್ನೋದೇ ಅಸಿಸ್ಟೆಂಟ್‌ನ ಒಳಗಿರೋ ಎಐ ಮಾಡೆಲ್‌ಗೆ ತಾನಾಗಿ ಗೊತ್ತಿರಲ್ಲ, ನಾವು ಹೇಳಬೇಕು. ಪ್ರತಿ ಸಲ ಮಾತು ಶುರುವಾಗುವಾಗ ಇವತ್ತಿನ ತಾರೀಕು, ವಾರ, ಟೈಮ್ ಝೋನ್ ಮೂರನ್ನೂ ಕೊಡಿ. ದಿನ ಎಣಿಸೋ ಕೆಲಸವನ್ನಂತೂ ಅದಕ್ಕೆ ಬಿಡಲೇಬೇಡಿ. ‘ಇವತ್ತಿಂದ ಒಂಬತ್ತು ಕೆಲಸದ ದಿನ’ ಎಂದರೆ ಯಾವ ತಾರೀಕು ಅಂತ ಲೆಕ್ಕ ಹಾಕೋಕೆ ನಾಲ್ಕು ಸಾಲಿನ ಫಂಕ್ಷನ್ ಸಾಕು. ಅದನ್ನು ಟೂಲ್ ಆಗಿ ಕೊಟ್ಟರೆ ಮಾಡೆಲ್ ಕರೆದು ಉತ್ತರ ತಗೊಳ್ಳುತ್ತೆ. ‘ಮುಂದಿನ ಶುಕ್ರವಾರ’ ಅಂತ ಯಾರಾದರೂ ಬರೆದರೆ ಊಹಿಸೋದು ಬೇಡ, ಈ ವಾರದ್ದಾ, ಅದರ ಆಚೆಯದ್ದಾ ಅಂತ ವಾಪಸ್ ಕೇಳಲಿ. ನಮ್ಮಲ್ಲೇ ಇಬ್ಬರು ಈ ಮಾತನ್ನು ಎರಡು ಥರ ಅರ್ಥ ಮಾಡಿಕೊಳ್ಳುತ್ತಾರೆ.

ಟೈಮ್ ಝೋನ್ ನನಗೆ ಸರಿಯಾಗಿ ಪಾಠ ಕಲಿಸಿದೆ. 14ನೇ ತಾರೀಕಿಗೆ ಒಂದು ಇಡೀ ದಿನದ ಕೆಲಸ ಹಾಕಿದ್ದೆ. ನನ್ನ ಕೋಡ್ ಅದನ್ನು 14 ಶುರುವಾಗೋ ರಾತ್ರಿ ಸೊನ್ನೆ ಗಂಟೆ ಅಂತ ಮಾಡಿ, ಯುಟಿಸಿಗೆ (ಜಗತ್ತಿಗೆಲ್ಲ ಆಧಾರವಾದ ಸಮಯಕ್ಕೆ) ತಿರುಗಿಸಿ ಇಟ್ಟುಕೊಂಡಿತು. ನಮ್ಮ ಸಮಯ ಯುಟಿಸಿಗಿಂತ ಐದೂವರೆ ಗಂಟೆ ಮುಂದೆ ಇರೋದರಿಂದ ಅಲ್ಲಿ ಅದು 13ರ ಸಂಜೆ 6:30 ಆಯಿತು. ಅಸಿಸ್ಟೆಂಟ್ ತಾರೀಕು ಮಾತ್ರ ಓದಿ, ಕೆಲಸವನ್ನು 13ಕ್ಕೆ ಕೂರಿಸಿತು. ಇಡೀ ದಿನದ ಕೆಲಸವನ್ನು ಬರೀ ತಾರೀಕಾಗಿಯೇ ಇಡಬೇಕು, ಗಂಟೆ ಅಂಟಿಸಬಾರದು. ಜೊತೆಗೆ ಇನ್ನೊಂದು: ಕ್ಯಾಲೆಂಡರ್ ಆ್ಯಪ್‌ಗಳು ಈವೆಂಟ್ ಬರೆದಿಡೋ ಐಕ್ಯಾಲೆಂಡರ್ ಮಾನದಂಡದಲ್ಲಿ, ಅಂದರೆ 2009ರ ಆರ್‌ಎಫ್‌ಸಿ 5545ರಲ್ಲಿ, ಮುಗಿಯೋ ತಾರೀಕು ಲೆಕ್ಕಕ್ಕೆ ಸೇರಲ್ಲ. 14ರ ಒಂದು ದಿನದ ಕೆಲಸಕ್ಕೆ ಕೊನೆ ಅಂತ 15 ಬರೆದಿರುತ್ತೆ. ಗೂಗಲ್ ಕ್ಯಾಲೆಂಡರ್ ಎಪಿಐ (ಬೇರೆ ಪ್ರೋಗ್ರಾಂಗಳು ಅದರ ಜೊತೆ ಮಾತಾಡೋ ದಾರಿ) ಕೂಡ ಹಾಗೇ. ಇದು ಗೊತ್ತಿಲ್ಲದೆ ಓದಿದರೆ ಒಂದು ದಿನದ ಕೆಲಸ ಎರಡು ದಿನ ಕಾಣುತ್ತೆ.

ಇಷ್ಟು ಸರಿ ಮಾಡಿಕೊಂಡರೆ ತಾರೀಕು ಸರಿ ಬರುತ್ತೆ. ಪ್ಲಾನ್ ಸರಿ ಬರೋದು ಬೇರೆ ಮಾತು. ಅದಕ್ಕೆ ನಮ್ಮ ಅಮ್ಮನ ಕ್ಯಾಲೆಂಡರ್ ಬಗ್ಗೆ ಹೇಳಬೇಕು.

ನಡುಮನೆ ಗೋಡೆಯಲ್ಲಿ ಅದು ನೇತಾಡುತ್ತಿರುತ್ತೆ, ಪಕ್ಕದಲ್ಲಿ ದಾರ ಕಟ್ಟಿದ ಪೆನ್ನು, ಮೊಳೆಗೆ ಸಿಕ್ಕಿಸಿದ ಪೆನ್ಸಿಲ್. ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತೆ, ಅದಕ್ಕೆ ಜ್ವರ ಅಂತಾರೆ. ಎರಡನೇ ಜ್ವರ ಎದ್ದ ಚಾಕಿ ಹುಳ, ಅಂದರೆ ಮರಿ ಹುಳ, ಮನೆಗೆ ಬಂದ ದಿನ ಅಮ್ಮ ‘ಚಾಕಿ’ ಅಂತ ಪೆನ್ನಲ್ಲಿ ಬರೆಯುತ್ತಾರೆ. ಅಲ್ಲಿಂದ ಎಣಿಸಿ ಮೂರನೇ ಜ್ವರ, ನಾಲ್ಕನೇ ಜ್ವರ, ಹಣ್ಣಾಗೋದು (ಗೂಡು ಕಟ್ಟೋಕೆ ಸಿದ್ಧವಾಗೋದು), ಗೂಡು ಬಿಡಿಸೋದು ಎಲ್ಲ ಪೆನ್ಸಿಲ್‌ನಲ್ಲಿ. ಚಳಿ ಹೆಚ್ಚಾದರೆ ಹುಳ ನಿಧಾನ ಆಗುತ್ತೆ. ಆಗ ರಬ್ಬರ್ ತಗೊಂಡು ಅಳಿಸಿ ಕ್ಯಾಲೆಂಡರ್‌ನ ಎರಡು ಚೌಕ ಆಚೆ ಬರೆಯುತ್ತಾರೆ. ಆಗಿಹೋದದ್ದು ಪೆನ್ನು, ಆಗಬೇಕಾದದ್ದು ಪೆನ್ಸಿಲ್. ಮೂವತ್ತು ವರ್ಷದಿಂದ ಈ ಪದ್ಧತಿ ತಪ್ಪಿಲ್ಲ.

ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರ ಮನೆಯಲ್ಲಿ ಯಾರಿಗೂ ಕೈ ಖಾಲಿ ಇರಲ್ಲ. ಇಡೀ ಬೆಳೆಗೆ ಬೇಕಾಗೋ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತರಷ್ಟು ಆ ವಾರದಲ್ಲೇ ಹೋಗುತ್ತೆ. ಹುಳ ಹಣ್ಣಾಗೋಕೆ ಶುರುವಾದರೆ ಕೂಡಲೇ ಆಯ್ದು, ಗೂಡು ಕಟ್ಟೋ ತಟ್ಟೆಯಾದ ಚಂದ್ರಿಕೆಗೆ ಬಿಡಬೇಕು, ನಾಳೆ ನೋಡೋಣ ಅನ್ನೋ ಹಾಗಿಲ್ಲ. ಆದರೆ ಆ ವಾರ ನನ್ನ ಆಫೀಸ್ ಕ್ಯಾಲೆಂಡರ್ ತೆಗೆದರೆ ಬೆಳಗ್ಗೆ ಆರರಿಂದ ಒಂಬತ್ತು ಪೂರ್ತಿ ಖಾಲಿ. ನನ್ನ ಮೊದಲ ಆವೃತ್ತಿ ಏನು ಮಾಡಿತು? ಆ ಖಾಲಿ ನೋಡಿ, ಸರ್ವರ್ ಮೇಲೆ ಟ್ರಾಫಿಕ್ ಕಡಿಮೆ ಇರೋ ಹೊತ್ತು ಅಂತ, ಡೇಟಾಬೇಸ್ ಮೈಗ್ರೇಶನ್ ಅನ್ನು ಬೆಳಗ್ಗೆ ಆರಕ್ಕೆ ಹಾಕಿ ಟೀಮಿಗೆಲ್ಲ ಇನ್ವೈಟ್ ಕಳಿಸಿತು. ನಾನು ಹಣ್ಣು ಹುಳ ಆಯುತ್ತಾ ಕೂತಿದ್ದೆ, ಫೋನ್ ಒಳಮನೆಯಲ್ಲಿತ್ತು. ಇಬ್ಬರು ಸಹೋದ್ಯೋಗಿಗಳು ನನಗೆ ಕಾದು ಕೂತರು. ಆಮೇಲೆ ವಿಷಯ ಹೇಳಿದಾಗ ಅಮ್ಮ ಕೇಳಿದ್ದು ಒಂದೇ ಮಾತು: “ನಮ್ಮನೇಲಿ ಹುಳ ಐತೆ ಅಂತ ಅದಕ್ಕೆ ಹೇಳಿದ್ದೇನಪ್ಪ?”

ಹೇಳಿರಲಿಲ್ಲ. ಅವತ್ತಿಂದ ಎರಡು ನಿಯಮ ಇಟ್ಟುಕೊಂಡಿದ್ದೇನೆ, ನಿಮಗೂ ಅದನ್ನೇ ಹೇಳುತ್ತೇನೆ. ಕ್ಯಾಲೆಂಡರ್‌ನಲ್ಲಿ ಖಾಲಿ ಇದ್ದ ಮಾತ್ರಕ್ಕೆ ಅದು ಬಿಡುವು ಅಲ್ಲ. ಯಾವ ಹೊತ್ತು ಕೆಲಸಕ್ಕೆ ಸಿಗುತ್ತೆ ಅನ್ನೋದನ್ನು ಮನುಷ್ಯರೇ ಬರೆದು ಕೊಡಬೇಕು, ಅದರ ಆಚೆ ಅಸಿಸ್ಟೆಂಟ್ ಕಾಲಿಡಬಾರದು. ಇನ್ನೊಂದು, ಅಸಿಸ್ಟೆಂಟ್ ಬರೆಯೋದೆಲ್ಲ ಪೆನ್ಸಿಲ್‌ನಲ್ಲೇ ಬರೆಯಬೇಕು.

ಈ ಪೆನ್ಸಿಲ್ ಮಾನದಂಡದಲ್ಲೇ ಇದೆ, ಹೊಸದಾಗಿ ಏನೂ ಕಟ್ಟಬೇಕಿಲ್ಲ. ಐಕ್ಯಾಲೆಂಡರ್‌ನ ಪ್ರತಿ ಈವೆಂಟ್‌ಗೂ ‘ಟೆಂಟೆಟಿವ್’ ಅಥವಾ ‘ಕನ್‌ಫರ್ಮ್ಡ್’ ಅನ್ನೋ ಸ್ಥಿತಿ ಕೊಡಬಹುದು. ‘ಟ್ರಾನ್ಸ್‌ಪರೆಂಟ್’ ಅಂತ ಗುರುತು ಹಾಕಿದರೆ ಆ ಈವೆಂಟ್ ಕ್ಯಾಲೆಂಡರ್‌ನಲ್ಲಿ ಕಾಣುತ್ತೆ, ಆದರೆ ಆ ಹೊತ್ತನ್ನು ಬ್ಯುಸಿ ಅಂತ ಹಿಡಿದಿಡಲ್ಲ. ನನ್ನ ಅಸಿಸ್ಟೆಂಟ್ ಹಾಕೋ ಪ್ರತಿ ಈವೆಂಟೂ ಟೆಂಟೆಟಿವ್ ಮತ್ತು ಟ್ರಾನ್ಸ್‌ಪರೆಂಟ್. ನಾನು ಒಪ್ಪಿದ ಮೇಲೆ ಮಾತ್ರ ಕನ್‌ಫರ್ಮ್ಡ್ ಆಗುತ್ತೆ, ಆಮೇಲೆ ಮಾತ್ರ ಬೇರೆಯವರಿಗೆ ಇನ್ವೈಟ್ ಹೋಗುತ್ತೆ. ಅದು ಹಾಕಿದ್ದನ್ನು ನಾನು ಕೈಯಿಂದ ಎಳೆದು ಬೇರೆ ದಿನಕ್ಕೆ ಇಟ್ಟರೆ, ನಾನು ಇಟ್ಟದ್ದೇ ಅಂತಿಮ. ಮತ್ತೆ ಹಳೇ ಜಾಗಕ್ಕೆ ತರೋ ಹಾಗಿಲ್ಲ.

ಈಗ ಎಷ್ಟು ಹೊತ್ತು ಕಾದಿರಿಸಬೇಕು ಅನ್ನೋದು. ಹೆಚ್ಚಿನವರು ಎಡವೋದು ಇಲ್ಲೇ ಅಂತ ನನ್ನ ಅಭಿಪ್ರಾಯ. ಅಸಿಸ್ಟೆಂಟ್ ಒಂದು ಫೀಚರ್‌ನ ಕೋಡನ್ನು ಹತ್ತು ನಿಮಿಷದಲ್ಲಿ ಬರೆದುಬಿಡುತ್ತೆ. ಅದನ್ನು ನಾನು ಓದಿ, ಓಡಿಸಿ, ಸರಿ ಇದೆ ಅಂತ ನಂಬೋಕೆ ಒಂದೂವರೆ ಗಂಟೆ ಬೇಕು. ಕ್ಯಾಲೆಂಡರ್‌ನಲ್ಲಿ ಜಾಗ ಬೇಕಾಗಿರೋದು ಆ ಒಂದೂವರೆ ಗಂಟೆಗೆ. ಬರೆಯೋ ಹತ್ತು ನಿಮಿಷ ಊಟದ ಹೊತ್ತಲ್ಲಿ ನಡೆದರೂ ನಡೆಯುತ್ತೆ. ಹಾಗಾಗಿ ಕೆಲಸಕ್ಕೆ ಬೇಕಾಗೋ ಸಮಯ ಅನ್ನೋ ಒಂದೇ ಸಂಖ್ಯೆ ಇಡಬೇಡಿ. ಯಂತ್ರದ ಹೊತ್ತು, ಮನುಷ್ಯರ ಗಮನದ ಹೊತ್ತು, ಬೇರೆಯವರ ರಿವ್ಯೂಗೆ ಕಾಯೋ ಹೊತ್ತು ಅಂತ ಮೂರು ಇಡಿ. ಮೊದಲನೆಯದನ್ನೂ ಕೊನೆಯದನ್ನೂ ಒಂದರ ಮೇಲೊಂದು ಹಾಕಬಹುದು. ನಡುವಿನದನ್ನು ಹಾಗೆ ಹಾಕೋಕಾಗಲ್ಲ, ಒಬ್ಬರಿಗೆ ಇರೋದು ಒಂದೇ ತಲೆ.

ಆ ಒಂದೂವರೆ ಗಂಟೆ ಅನ್ನೋ ಅಂದಾಜನ್ನು ಮಾಡೆಲ್ ಬಾಯಿಂದ ತಗೋಬೇಡಿ, ನಿಮ್ಮ ಮನಸ್ಸಿಂದಲೂ ತಗೋಬೇಡಿ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವೆರ್ಸ್ಕಿ 1979ರಲ್ಲೇ ಇದನ್ನು ಗುರುತಿಸಿದ್ದರು: ಹಿಂದೆ ಇಂಥ ಕೆಲಸ ತಡವಾಗಿದ್ದು ಗೊತ್ತಿದ್ದರೂ, ಈ ಸಲ ಬೇಗ ಮುಗಿಯುತ್ತೆ ಅಂತಲೇ ನಾವು ಅಂದಾಜು ಹಾಕುತ್ತೇವೆ. ಅದಕ್ಕೆ ಅವರು ಹೇಳಿದ ಮದ್ದು, ಇದೇ ಥರದ ಹಳೇ ಕೆಲಸಗಳು ನಿಜವಾಗಿ ಎಷ್ಟು ಹೊತ್ತು ತಗೊಂಡವು ಅಂತ ನೋಡೋದು. ಪ್ರತಿ ಕೆಲಸ ಮುಗಿದಾಗ ಅಂದುಕೊಂಡದ್ದು ಎಷ್ಟು, ಆಗಿದ್ದು ಎಷ್ಟು ಅಂತ ಒಂದು ಸಾಲು ಬರೆಸಿ. ಕೋಡ್‌ನ ಪ್ರತಿ ಬದಲಾವಣೆಯನ್ನು ದಾಖಲಿಸೋ ಗಿಟ್‌ನ ಇತಿಹಾಸವೂ ಸಹಾಯಕ್ಕೆ ಬರುತ್ತೆ, ಆದರೆ ಆಥರ್ ತಾರೀಕನ್ನೇ (ಬದಲಾವಣೆಯನ್ನು ಮೊದಲು ಬರೆದ ದಿನ) ನೋಡಿ. ರೀಬೇಸ್ ಮಾಡಿದರೆ, ಅಂದರೆ ಹಳೇ ಬದಲಾವಣೆಗಳನ್ನು ಹೊಸ ತಳದ ಮೇಲೆ ಮತ್ತೆ ಕೂರಿಸಿದರೆ, ಕಮಿಟರ್ ತಾರೀಕು ಬದಲಾಗಿಬಿಡುತ್ತೆ. ನನ್ನ ಲೆಕ್ಕದಲ್ಲಿ ಟೆಸ್ಟ್ ಬರೆಯೋ ಕೆಲಸ ಸರಿಯಾಗಿ ಬರುತ್ತಿತ್ತು, ಹೊರಗಿನ ಎಪಿಐ ಜೋಡಿಸೋದು ಮಾತ್ರ ಪ್ರತಿ ಸಲ ದುಪ್ಪಟ್ಟು. ಈಗ ಅಂಥ ಕೆಲಸಕ್ಕೆ ಅಸಿಸ್ಟೆಂಟ್ ಮೊದಲೇ ಎರಡರಷ್ಟು ಜಾಗ ಬಿಡುತ್ತೆ.

ಕೆಲಸಗಳ ಪಟ್ಟಿ, ಯಾವುದು ಮುಗಿಯದೆ ಯಾವುದು ಶುರುವಾಗಲ್ಲ ಅನ್ನೋದು, ಇದೆಲ್ಲ ಕೋಡ್ ಇರೋ ರೆಪೊಸಿಟರಿಯ ಒಳಗೆ ಒಂದು ಫೈಲ್‌ನಲ್ಲಿರಲಿ. ಹೊಸ ಸೆಷನ್ ತೆರೆದಾಗ ಅಸಿಸ್ಟೆಂಟ್‌ಗೆ ಹಳೇ ಮಾತು ನೆನಪಿರಲ್ಲ, ಫೈಲ್ ಇದ್ದರೆ ಓದಿಕೊಳ್ಳುತ್ತೆ. ಕ್ಯಾಲೆಂಡರ್‌ನಲ್ಲಿ ಇರೋದು ‘ಯಾವಾಗ’ ಅನ್ನೋದಷ್ಟೇ. ಕೆಲಸಗಳನ್ನು ಸಾಲಾಗಿ ಜೋಡಿಸೋ ಅಲ್ಗಾರಿದಮ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅವಲಂಬನೆ ಪ್ರಕಾರ ಸಾಲು ಮಾಡಿ, ಗಡುವು ಹತ್ತಿರ ಇರೋದನ್ನು ಮೊದಲು ಇಟ್ಟರೆ ಸಣ್ಣ ಟೀಮಿಗೆ ಸಾಕು. ಅದೂ ಕೋಡ್‌ನಲ್ಲೇ ಇರಲಿ. ಮಾಡೆಲ್‌ನ ಪಾಲು, ನೀವು ಮಾತಲ್ಲಿ ಹೇಳಿದ್ದನ್ನು ಕೆಲಸಗಳಾಗಿ ಒಡೆಯೋದು ಮತ್ತು ಬಂದ ಪ್ಲಾನನ್ನು ವಿವರಿಸೋದು.

ಕ್ಯಾಲೆಂಡರನ್ನು ಅಸಿಸ್ಟೆಂಟ್‌ಗೆ ಜೋಡಿಸೋಕೆ ಎಐ ಕಂಪನಿ ಆಂತ್ರಾಪಿಕ್ 2024ರ ನವೆಂಬರ್‌ನಲ್ಲಿ ಬಿಡುಗಡೆ ಮಾಡಿದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಅನುಕೂಲ. ಅದು ಅಸಿಸ್ಟೆಂಟ್‌ಗೆ ಹೊರಗಿನ ಟೂಲ್, ಮಾಹಿತಿ ಜೋಡಿಸೋ ಒಂದು ಸಾಮಾನ್ಯ ಪದ್ಧತಿ. ಒಂದು ಸಲ ಸರ್ವರ್ (ಕ್ಯಾಲೆಂಡರ್‌ಗೂ ಅಸಿಸ್ಟೆಂಟ್‌ಗೂ ನಡುವಿನ ಪ್ರೋಗ್ರಾಂ) ಬರೆದರೆ, ಆ ಪ್ರೋಟೋಕಾಲ್ ಗೊತ್ತಿರೋ ಯಾವ ಅಸಿಸ್ಟೆಂಟ್ ಜೊತೆಗೂ ನಡೆಯುತ್ತೆ. ಗೂಗಲ್ ಎಪಿಐಯಲ್ಲಿ ಬದಲಾದದ್ದನ್ನು ಮಾತ್ರ ತರೋಕೆ ಸಿಂಕ್ ಟೋಕನ್ (ಹೋದ ಸಲ ಎಲ್ಲಿವರೆಗೆ ತಂದೆವು ಅನ್ನೋ ಗುರುತು) ಇದೆ. ಅದು ಹಳತಾದರೆ 410 ಎರರ್ ಬರುತ್ತೆ, ಆಗ ಎಲ್ಲವನ್ನೂ ಮೊದಲಿಂದ ತಂದುಕೊಳ್ಳಬೇಕು. ಇದನ್ನು ಮರೆತರೆ ಕೆಲವು ವಾರ ಚೆನ್ನಾಗಿ ನಡೆದು ಒಂದು ದಿನ ಸದ್ದಿಲ್ಲದೆ ನಿಂತುಹೋಗುತ್ತೆ.

ಒಂದು ಎಚ್ಚರಿಕೆ, ಇದನ್ನು ಹಗುರ ಮಾಡಬೇಡಿ. ಇನ್ವೈಟ್‌ನ ವಿವರಣೆಯಲ್ಲಿ ಹೊರಗಿನವರು ಏನು ಬೇಕಾದರೂ ಬರೆಯಬಹುದು. ‘ಈ ಫೈಲನ್ನು ಇಲ್ಲಿಗೆ ಕಳಿಸು’ ಅಂತ ಅಲ್ಲಿ ಬರೆದಿದ್ದರೆ, ಅದನ್ನು ಓದಿದ ಮಾಡೆಲ್ ಆಜ್ಞೆ ಅಂತ ತಿಳಿಯೋ ಅಪಾಯ ಇದೆ. ನಿಮ್ಮ ಅಸಿಸ್ಟೆಂಟ್ ಕೈಯಲ್ಲಿ ಕೋಡೂ ಇದೆ, ಕಮಾಂಡ್ ಓಡಿಸೋ ಟರ್ಮಿನಲ್ಲೂ ಇದೆ. ಅದಕ್ಕೇ ನಾನು ಫ್ರೀ-ಬ್ಯುಸಿ ಮಾಹಿತಿ ಮಾತ್ರ ಕೊಡುತ್ತೇನೆ: ಯಾವ ಹೊತ್ತಿಂದ ಯಾವ ಹೊತ್ತಿನವರೆಗೆ ಬ್ಯುಸಿ, ಅಷ್ಟೇ. ಶೀರ್ಷಿಕೆ ಇಲ್ಲ, ವಿವರಣೆ ಇಲ್ಲ. ಡಾಕ್ಟರ್ ಹತ್ರ ಹೋಗೋದಿದೆ ಅನ್ನೋದೂ ಅದಕ್ಕೆ ಗೊತ್ತಾಗಬೇಕಿಲ್ಲ.

ಶುರು ಹೀಗೆ ಮಾಡಿ. ಮೊದಲ ಎರಡು ವಾರ ಓದೋಕೆ ಮಾತ್ರ ಅನುಮತಿ ಕೊಡಿ, ಪ್ಲಾನನ್ನು ಫೈಲ್‌ನಲ್ಲಿ ಬರೆಯಲಿ. ದಿನಾ ಸಂಜೆ ಅದು ಹೇಳಿದ್ದನ್ನೂ ನೀವು ಮಾಡಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿ. ಎಲ್ಲಿ ಬೇರೆಯಾಯಿತೋ ಅಲ್ಲೆಲ್ಲ ನೀವು ಅದಕ್ಕೆ ಹೇಳದೇ ಬಿಟ್ಟಿರೋ ಒಂದು ವಿಷಯ ಸಿಗುತ್ತೆ. ನನಗೆ ಸಿಕ್ಕಿದ್ದು ಅಮ್ಮನ ಕ್ಯಾಲೆಂಡರ್. ಈಗ ಚಾಕಿ ಬಂದ ದಿನವನ್ನು ನಾನು ಅದಕ್ಕೂ ಹೇಳುತ್ತೇನೆ, ಹಣ್ಣಾಗೋ ವಾರದ ಬೆಳಗ್ಗೆಗಳನ್ನು ಅದೇ ಬಿಟ್ಟು ಪ್ಲಾನ್ ಹಾಕುತ್ತೆ.