ಇಟಲಿಯ ಗೋಧಿ ಹೊಲಗಳಲ್ಲಿ ಕ್ಯಾಮೆರಾ ಪಾಠ: ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ

ಪ್ರಶ್ನೆ: ನಾನು ಚಿಂತಾಮಣಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. ಕೆಲವು ವರ್ಷಗಳಿಂದ ಕೈವಾರ, ನಂದಿಬೆಟ್ಟ, ಅವಲಬೆಟ್ಟದ ಸುತ್ತ ಭೂದೃಶ್ಯಗಳ ಚಿತ್ರ ತೆಗೆಯುತ್ತಿದ್ದೇನೆ. ನನ್ನಲ್ಲಿರುವುದು ಒಂದು ಸಾಧಾರಣ ಡಿ.ಎಸ್.ಎಲ್.ಆರ್. ಕ್ಯಾಮೆರಾ, 18–55 ಮತ್ತು 55–250 ಮಿ.ಮೀ. ಲೆನ್ಸುಗಳು. ಇಟಲಿಯ ಟಸ್ಕನಿ ಪ್ರಾಂತ್ಯದ ಹಳ್ಳಿಗಾಡಿನಲ್ಲಿ ಜೂನ್‌ನಲ್ಲಿ ನಡೆಯುವ ಒಂದು ವಾರದ ಭೂದೃಶ್ಯ ಛಾಯಾಗ್ರಹಣ ಕಾರ್ಯಾಗಾರಕ್ಕೆ ಸೇರುವ ಆಸೆಯಿದೆ. ಅಷ್ಟು ಹಣ ಖರ್ಚು ಮಾಡಿ ಹೋಗುವುದು ಸರಿಯೇ? ಹೋಗುವುದಾದರೆ ಸಿದ್ಧತೆ ಹೇಗಿರಬೇಕು? ಅಗಲ ನೋಟ ಹಿಡಿಯುವ ದುಬಾರಿ ವೈಡ್ ಆ್ಯಂಗಲ್ ಲೆನ್ಸ್ ಕೊಳ್ಳಲೇಬೇಕೆಂದು ಅಂಗಡಿಯವರು ಹೇಳುತ್ತಿದ್ದಾರೆ, ನಿಜವೇ?

ಉತ್ತರ: ಕಾರ್ಯಾಗಾರ ಎಂಬ ಹೆಸರಿನಲ್ಲಿ ಎರಡು ಬೇರೆ ಬೇರೆ ಸರಕುಗಳು ಮಾರಾಟವಾಗುತ್ತಿವೆ. ಒಂದರಲ್ಲಿ ಸಂಘಟಕರು ನಿಮ್ಮನ್ನು ಪ್ರಸಿದ್ಧ ಜಾಗಗಳಿಗೆ ವ್ಯಾನಿನಲ್ಲಿ ಕರೆದೊಯ್ದು, ಟ್ರೈಪಾಡ್ ಎಲ್ಲಿ ಊರಬೇಕೆಂದು ತೋರಿಸಿ, ಎಲ್ಲರಿಗೂ ಒಂದೇ ಚಿತ್ರ ಸಿಗುವಂತೆ ನೋಡಿಕೊಳ್ಳುತ್ತಾರೆ. ಇನ್ನೊಂದರಲ್ಲಿ ನೀವು ಬೆಳಿಗ್ಗೆ ತೆಗೆದ ಚಿತ್ರಗಳನ್ನು ಗುರುಗಳು ಮಧ್ಯಾಹ್ನ ಎಲ್ಲರೆದುರು ಪರದೆಯ ಮೇಲೆ ಹಾಕಿ, ಯಾವುದು ಏಕೆ ಸೋತಿತೆಂದು ಬಿಡಿಸಿ ಹೇಳುತ್ತಾರೆ, ಸಂಜೆ ಅದೇ ತಪ್ಪನ್ನು ತಿದ್ದಿಕೊಳ್ಳಲು ಮತ್ತೆ ಹೊಲದ ಬದಿಗೆ ಕರೆದೊಯ್ಯುತ್ತಾರೆ. ಮೊದಲನೆಯದು ಪ್ರವಾಸ, ಅದಕ್ಕೆ ಅಷ್ಟು ಹಣ ಕೊಡಬೇಡಿ ಎನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ. ಎರಡನೆಯದಕ್ಕೆ ಕೊಡಬಹುದು. ಹಣ ಕಟ್ಟುವ ಮುನ್ನ ತಂಡದಲ್ಲಿ ಎಷ್ಟು ಜನ, ಬೋಧಕರು ಎಷ್ಟು ಮಂದಿ, ಚಿತ್ರ ವಿಮರ್ಶೆ ದಿನವೂ ಇದೆಯೇ, ಒಂದೇ ಸ್ಥಳಕ್ಕೆ ಎರಡನೆಯ ಸಲ ಹೋಗುವ ಅವಕಾಶವಿದೆಯೇ ಎಂದು ಪತ್ರ ಬರೆದು ಕೇಳಿರಿ. ವಾರದಲ್ಲಿ ರೋಮ್, ಫ್ಲಾರೆನ್ಸ್, ವೆನಿಸ್ ಎಲ್ಲವನ್ನೂ ತೋರಿಸುತ್ತೇವೆ ಎನ್ನುವವರಿಂದ ದೂರವಿರಿ. ಬೋಧಕರು ತಮ್ಮ ಕ್ಯಾಮೆರಾ ಹಿಡಿದು ತಮ್ಮದೇ ಚಿತ್ರ ತೆಗೆಯುವುದರಲ್ಲಿ ಮುಳುಗಿಬಿಡುತ್ತಾರೋ ಎಂಬುದನ್ನು ಹಿಂದೆ ಹೋಗಿಬಂದವರಿಂದ ವಿಚಾರಿಸುವುದೂ ಒಳ್ಳೆಯದು.

ಟಸ್ಕನಿಯಲ್ಲಿ ಇಂಥ ಕಾರ್ಯಾಗಾರಗಳು ಹೆಚ್ಚಾಗಿ ನಡೆಯುವುದು ಸಿಯೆನಾ ಪಟ್ಟಣದ ದಕ್ಷಿಣಕ್ಕಿರುವ ವಾಲ್ ದೋರ್ಚಾ ಕಣಿವೆಯಲ್ಲಿ. ಪಿಯೆಂಜಾ, ಸಾನ್ ಕ್ವಿರಿಕೋ ದೋರ್ಚಾ ಎಂಬ ಚಿಕ್ಕ ಊರುಗಳ ನಡುವೆ ಜೇಡಿ ಮಣ್ಣಿನ ದುಂಡು ದಿಬ್ಬಗಳು, ಅವುಗಳ ಮೇಲೆ ಗೋಧಿ, ತುದಿಯಲ್ಲೊಂದು ತೋಟದ ಮನೆ, ಅದಕ್ಕೆ ಹೋಗುವ ದಾರಿಯ ಇಕ್ಕೆಲಗಳಲ್ಲಿ ಸೈಪ್ರೆಸ್ ಮರಗಳ ಸಾಲು ಇರುತ್ತವೆ. ಇದು ತಾನಾಗಿ ಆದ ಚೆಲುವಲ್ಲ. 14 ಮತ್ತು 15ನೇ ಶತಮಾನಗಳಲ್ಲಿ ಸಿಯೆನಾ ನಗರರಾಜ್ಯವು ಒಳ್ಳೆಯ ಆಡಳಿತ ಹೇಗಿರಬೇಕೆಂಬ ತನ್ನ ಕಲ್ಪನೆಗೆ ತಕ್ಕಂತೆ, ನೋಟಕ್ಕೂ ಚೆನ್ನಾಗಿರಲೆಂದು, ಈ ಸಾಗುವಳಿ ಭೂಮಿಯನ್ನು ರೂಪಿಸಿತು. 2004ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದೂ ಇದೇ ಕಾರಣಕ್ಕೆ. ಸಿಯೆನಾದ ಪಲಾಟ್ಸೋ ಪುಬ್ಲಿಕೋ ಕಟ್ಟಡದಲ್ಲಿ ಆಂಬ್ರೋಜೋ ಲೊರೆಂಜೆತ್ತಿ 1338–39ರಲ್ಲಿ ಬಿಡಿಸಿದ ಸುಶಾಸನದ ಭಿತ್ತಿಚಿತ್ರವಿದೆ. ಅದರಲ್ಲಿ ದಿಬ್ಬಗಳು, ಹೊಲಗಳು, ಕಟಾವು ಮಾಡುವ ರೈತರು ಕಾಣುತ್ತಾರೆ. ವೇಳಾಪಟ್ಟಿಯಲ್ಲಿ ಒಂದು ಮಧ್ಯಾಹ್ನ ಬಿಡುವಿದ್ದರೆ ಅಂಗಡಿ ಬೀದಿಗಿಂತ ಮೊದಲು ಅದನ್ನು ನೋಡಿ ಬನ್ನಿ. ಆ ಭೂಮಿಯನ್ನು ಎತ್ತರದಿಂದ, ಪದರ ಪದರವಾಗಿ ನೋಡುವ ರೀತಿ ಅಲ್ಲೇ ಸಿಕ್ಕಿಬಿಡುತ್ತದೆ.

ಋತುವಿನ ವಿಷಯ ಸ್ವಲ್ಪ ಸೂಕ್ಷ್ಮವಾದದ್ದು. ಮೇ ತಿಂಗಳಲ್ಲಿ ಅಲ್ಲಿನ ಗೋಧಿ ಹಸಿರಾಗಿರುತ್ತದೆ, ನಡುನಡುವೆ ಕೆಂಪು ಗಸಗಸೆ ಹೂಗಳಿರುತ್ತವೆ. ಜೂನ್ ಬಂದಂತೆ ಬೆಳೆ ಹೊಂಬಣ್ಣಕ್ಕೆ ತಿರುಗುತ್ತದೆ. ಜೂನ್ ಕೊನೆಯಿಂದ ಜುಲೈ ನಡುವಿನವರೆಗೆ ಕಟಾವು ಮುಗಿದು, ಹುಲ್ಲಿನ ದೊಡ್ಡ ಉರುಳೆಗಳು ಹೊಲದಲ್ಲಿ ಉಳಿಯುತ್ತವೆ. ಸೂರ್ಯಕಾಂತಿ ಅರಳುವುದೂ ಆಗಲೇ. ಆಗಸ್ಟ್‌ನಲ್ಲಿ ಉತ್ತ ಬರಿ ಮಣ್ಣು. ಜಾಹೀರಾತಿನಲ್ಲಿ ಕಾಣುವ ಹಸಿರು ದಿಬ್ಬ, ಕಣಿವೆಯಲ್ಲಿ ಹತ್ತಿಯಂತೆ ನಿಂತ ಮಂಜು, ಬಹುಪಾಲು ವಸಂತದ ಅಥವಾ ಶರತ್ಕಾಲದ ಚಿತ್ರ. ಜೂನ್‌ನಲ್ಲಿ ಅದು ಸಿಕ್ಕೀತೆಂಬ ಭರವಸೆಯಿಂದ ಹೊರಟರೆ ನಿರಾಸೆ ಕಾದಿರುತ್ತದೆ. ನೀವು ಶಿಕ್ಷಕಿಯಾದ್ದರಿಂದ ಇನ್ನೊಂದು ತೊಡಕೂ ಇದೆ. ನಮ್ಮ ಶಾಲೆಗಳು ಸಾಮಾನ್ಯವಾಗಿ ಮೇ ಕೊನೆಯ ವಾರದಲ್ಲೇ ಬಾಗಿಲು ತೆರೆಯುತ್ತವೆ, ಇಟಲಿಯ ಬೇಸಿಗೆ ಶುರುವಾಗುವುದು ಅದರ ನಂತರ. ಶಾಲೆ ಆರಂಭದ ದಿನಗಳಲ್ಲಿ ರಜೆ ಸಿಗುವುದು ಕಷ್ಟವೆನಿಸಿದರೆ ಮೇ ಎರಡನೆಯ ವಾರದ ತಂಡವನ್ನು ಹುಡುಕಿರಿ. ಹೊಂಬಣ್ಣ ತಪ್ಪುತ್ತದೆ, ಆದರೆ ಹಸಿರಿನ ನೆರಳು ಬೆಳಕು ಕಲಿಯುವವರಿಗೆ ಇನ್ನೂ ಹೆಚ್ಚು ಪಾಠ ಹೇಳುತ್ತದೆ ಎಂದು ನನಗನಿಸುತ್ತದೆ.

ಇಷ್ಟಕ್ಕೂ ಅಷ್ಟು ದೂರ ಹೋಗಲು ಬೆಳಕೇ ಒಂದು ನಿಜವಾದ ಕಾರಣ. ಚಿಂತಾಮಣಿ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ, ಪಿಯೆಂಜಾ ಸುಮಾರು 43 ಡಿಗ್ರಿಯಲ್ಲಿದೆ. ನಮ್ಮಲ್ಲಿ ಸೂರ್ಯ ಹೆಚ್ಚು ಕಡಿಮೆ ನೆಟ್ಟಗೆ ಕೆಳಗಿಳಿಯುತ್ತಾನೆ, ಅಲ್ಲಿ ಓರೆಯಾಗಿ ಜಾರುತ್ತಾನೆ. ದಿಗಂತದಿಂದ 6 ಡಿಗ್ರಿ ಮೇಲಿರುವ ಸೂರ್ಯ ಮುಳುಗಲು ಜೂನ್‌ನಲ್ಲಿ ನಮ್ಮಲ್ಲಿ ಸುಮಾರು 27 ನಿಮಿಷ ಬೇಕಾದರೆ ಅಲ್ಲಿ ಸುಮಾರು 40 ನಿಮಿಷ ಬೇಕು. ಮುಳುಗಿದ ಮೇಲಿನ ಸಂಧ್ಯೆಯೂ ನಮ್ಮಲ್ಲಿ 23 ನಿಮಿಷವಿದ್ದರೆ ಅಲ್ಲಿ 34 ನಿಮಿಷದಷ್ಟು ನಿಲ್ಲುತ್ತದೆ. ಚಿತ್ರ ತೆಗೆಯುವವರಿಗೆ ಇದು ಸಣ್ಣ ಲಾಭವಲ್ಲ: ಒಂದು ಚೌಕಟ್ಟು ಹೊಂದಿಸಿ, ತಪ್ಪಾಯಿತೆಂದು ಕಂಡು, ದಿಬ್ಬದ ಇನ್ನೊಂದು ಬದಿಗೆ ನಡೆದು ಮತ್ತೆ ಹೊಂದಿಸುವಷ್ಟು ಸಮಯ ಸಿಗುತ್ತದೆ. ಆದರೆ ಅದಕ್ಕೆ ತೆರಬೇಕಾದ ಬೆಲೆ ನಿದ್ದೆ. ಜೂನ್ ನಡುವಿನಲ್ಲಿ ಅಲ್ಲಿ ಸೂರ್ಯೋದಯ ಬೆಳಿಗ್ಗೆ ಸುಮಾರು 5.30ಕ್ಕೆ, ಸೂರ್ಯಾಸ್ತ ರಾತ್ರಿ ಸುಮಾರು 8.50ಕ್ಕೆ. ನಾಲ್ಕೂವರೆಗೆ ಏಳುವುದು, ರಾತ್ರಿ ಹತ್ತಕ್ಕೆ ಊಟ ಮಾಡುವುದು ಅಲ್ಲಿನ ದಿನಚರಿ. ಮಧ್ಯಾಹ್ನ ಮಲಗಲು ಬಿಡದ ಕಾರ್ಯಾಗಾರದಲ್ಲಿ ಮೂರನೆಯ ದಿನಕ್ಕೆ ಯಾರ ಕಣ್ಣೂ ಕೆಲಸ ಮಾಡುವುದಿಲ್ಲ. ಸೂರ್ಯ ಆಗ ನೇರ ಪಶ್ಚಿಮದಲ್ಲಿ ಮುಳುಗದೆ 30 ಡಿಗ್ರಿಗೂ ಹೆಚ್ಚು ಉತ್ತರಕ್ಕೆ ಸರಿದಿರುತ್ತಾನೆ ಎಂಬುದನ್ನೂ ನಕ್ಷೆ ನೋಡುವಾಗ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇನ್ನು ಲೆನ್ಸ್ ವಿಚಾರ. ಅಂಗಡಿಯವರ ಮಾತು ಈ ಜಾಗಕ್ಕೆ ಹೊಂದುವುದಿಲ್ಲ. ವಾಲ್ ದೋರ್ಚಾದಲ್ಲಿ ವಿಷಯವಿರುವುದು ದೂರದ ದಿಬ್ಬಗಳ ಮಡಿಕೆಯಲ್ಲಿ. ವೈಡ್ ಆ್ಯಂಗಲ್ ಲೆನ್ಸ್ ಅವನ್ನು ಕಿರಿದು ಮಾಡಿ, ಎದುರಿನ ರಸ್ತೆಬದಿಯ ಹುಲ್ಲನ್ನೂ ಖಾಲಿ ಆಕಾಶವನ್ನೂ ಹಿಗ್ಗಿಸುತ್ತದೆ. ದೂರದ್ದನ್ನು ಹತ್ತಿರ ತರುವ ನಿಮ್ಮ 55–250 ಲೆನ್ಸೇ ಅಲ್ಲಿ ಹೆಚ್ಚು ಕೆಲಸಕ್ಕೆ ಬರುತ್ತದೆ, ಏಕೆಂದರೆ ಅದು ದೂರದ ಸಾಲುಗಳನ್ನು ಒಂದರ ಮೇಲೊಂದು ಒತ್ತಿ ಕೂರಿಸುತ್ತದೆ. ಆ ಹಣದಲ್ಲಿ ಗಾಳಿಗೆ ಅಲುಗದ ಟ್ರೈಪಾಡ್ ಮತ್ತು ಹೊಳಪು ತಗ್ಗಿಸಿ ಆಕಾಶದ ನೀಲಿಯನ್ನು ಗಾಢವಾಗಿಸುವ ಒಂದು ಪೋಲರೈಸರ್ ಫಿಲ್ಟರ್ ಕೊಳ್ಳಿರಿ. ಪೋಲರೈಸರ್ ಸೂರ್ಯನಿಗೆ ಅಡ್ಡಲಾಗಿ, ಅಂದರೆ 90 ಡಿಗ್ರಿ ಕೋನದಲ್ಲಿ ನೋಡುವಾಗ ಚೆನ್ನಾಗಿ ಕೆಲಸ ಮಾಡುತ್ತದೆ; ಸೂರ್ಯನ ಎದುರೋ ಬೆನ್ನಿಗೋ ತಿರುಗಿಸಿ ಪ್ರಯೋಜನವಿಲ್ಲ. ಆಕಾಶವನ್ನು ಕಪ್ಪಾಗಿಸುವ ಗ್ರ್ಯಾಜುಯೇಟೆಡ್ ಫಿಲ್ಟರನ್ನು ಬೇಕಾದರೆ ಬಿಡಬಹುದು, ಏಕೆಂದರೆ ಅದು ದಿಬ್ಬದ ತುದಿಯ ಮರಗಳ ತಲೆಯನ್ನೂ ಕಪ್ಪಾಗಿಸುತ್ತದೆ. ಬದಲಿಗೆ ಬೆಳಕಿನ ಪ್ರಮಾಣ ಬದಲಿಸುತ್ತ ಬೇರೆ ಬೇರೆ ಎಕ್ಸ್‌ಪೋಷರ್‌ಗಳಲ್ಲಿ ಮೂರು ಚಿತ್ರ ತೆಗೆದು ಆಮೇಲೆ ಬೆಸೆಯುವುದನ್ನು ಕಲಿತುಕೊಳ್ಳಿ. ಅಲ್ಲಿನ ಬಿಳಿ ಜಲ್ಲಿ ರಸ್ತೆಗಳ ಧೂಳು ವಿಪರೀತವಾದ್ದರಿಂದ ಬಯಲಲ್ಲಿ ಲೆನ್ಸ್ ಬದಲಿಸುವಾಗ ಎಚ್ಚರವಿರಲಿ.

ವೀಸಾ ಕೆಲಸವನ್ನು ತಡವಾಗಿ ಹಿಡಿಯಬೇಡಿ. ಇಟಲಿ ಸೇರಿದಂತೆ ಯೂರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಪ್ರಯಾಣದ ದಿನಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮುಂಚೆಯಾದರೂ ಹಾಕಲೇಬೇಕು; ಪರಿಶೀಲನೆ ಕೆಲವೊಮ್ಮೆ 45 ದಿನಗಳವರೆಗೆ ಎಳೆಯಬಹುದು. ಬೇಸಿಗೆಯ ಹೊತ್ತಿಗೆ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ದುಸ್ತರವಾಗುವುದರಿಂದ ಜನವರಿ, ಫೆಬ್ರವರಿಯಲ್ಲೇ ಆರಂಭಿಸಿ. ವಯಸ್ಕರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೋ ಆಗಿದೆ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ಪ್ರವಾಸ ವಿಮೆ ಕಡ್ಡಾಯ. ಸರ್ಕಾರಿ ನೌಕರರಾದ ನೀವು ಇಲಾಖೆಯ ಪೂರ್ವಾನುಮತಿ ಪಡೆಯಬೇಕು, ಆ ಕಡತ ಒಂದು ಮೇಜಿನಿಂದ ಇನ್ನೊಂದಕ್ಕೆ ನಡೆಯುವ ವೇಗ ನಿಮಗೇ ಗೊತ್ತು. ವೀಸಾ ನಿರಾಕರಣೆಯಾದರೆ ಕಾರ್ಯಾಗಾರದ ಮುಂಗಡ ಹಣ ವಾಪಸಾಗುವುದೇ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ನಮ್ಮ ದೇಶದ ಏಜೆನ್ಸಿಯ ಮೂಲಕ ಪ್ಯಾಕೇಜ್ ಕೊಂಡರೆ ಟಿ.ಸಿ.ಎಸ್. (ಮಾರಾಟದ ಹೊತ್ತಿನಲ್ಲೇ ವಸೂಲಾಗುವ ತೆರಿಗೆ) ಹಿಡಿಯುತ್ತಾರೆ, ಅದನ್ನು ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು.

ಹೊರಡುವ ಮುನ್ನ ಮಾಡಬೇಕಾದ ಮುಖ್ಯ ಕೆಲಸ ನಿಮ್ಮ ಜಿಲ್ಲೆಯಲ್ಲೇ ಇದೆ. ಟಾರ್ಚ್ ಇಲ್ಲದೆ, ಕತ್ತಲಲ್ಲಿ, ಬೆರಳಿನ ಅಂದಾಜಿನಿಂದಲೇ ಅಪರ್ಚರ್ (ಬೆಳಕು ಒಳಬರುವ ಕಿಂಡಿಯ ಅಳತೆ), ಐ.ಎಸ್.ಒ. (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ), ಫೋಕಸ್ ಬದಲಿಸಲು ಬರಬೇಕು. ಹಿಸ್ಟೋಗ್ರಾಂ, ಅಂದರೆ ಚಿತ್ರದಲ್ಲಿ ಬೆಳಕು ಕತ್ತಲೆಯ ಹಂಚಿಕೆ ತೋರಿಸುವ ನಕ್ಷೆ, ಓದಲು ಬರಬೇಕು. ಚಿತ್ರಗಳನ್ನು ರಾ ರೂಪದಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ರೂಪದಲ್ಲಿ) ತೆಗೆದು ಕಂಪ್ಯೂಟರಿನಲ್ಲಿ ಸಂಸ್ಕರಿಸಲು ಬರಬೇಕು. ಯೂರೋ ತೆತ್ತು ಇವನ್ನು ಕಲಿಯುವುದು ದುಂದು. ಗುಡಿಬಂಡೆ ಕೋಟೆಯ ಮೇಲೇರಿ, ಕೆಳಗಿನ ಬೈರಸಾಗರ ಕೆರೆಯನ್ನೂ ಅದರಾಚೆಯ ಗುಡ್ಡಗಳನ್ನೂ 250 ಮಿ.ಮೀ.ನಲ್ಲಿ ಮಾತ್ರ ನೋಡುತ್ತೇನೆಂದು ಪಣತೊಟ್ಟು ಒಂದು ಇಡೀ ಬೆಳಗು ಕಳೆಯಿರಿ. ನವೆಂಬರ್, ಡಿಸೆಂಬರ್‌ನಲ್ಲಿ ರಾಗಿ ಕೊಯ್ಲಾದ ಹೊಲಗಳಲ್ಲಿ ಮೆದೆಗಳು ನಿಂತಾಗ, ಓರೆ ಬಿಸಿಲಿನಲ್ಲಿ ಅವುಗಳ ನೆರಳು ಚೌಕಟ್ಟನ್ನು ಹೇಗೆ ಕತ್ತರಿಸುತ್ತದೆಂದು ಗಮನಿಸಿ. ನೀಲಗಿರಿ ತೋಪಿನ ಸಾಲುಗಳಲ್ಲಿ ಒಂದು ಮರವನ್ನು ಬೇರ್ಪಡಿಸಿ ತೋರಿಸಲು ಯತ್ನಿಸಿ. ಆ ಚಿತ್ರಗಳಲ್ಲಿ ಇಪ್ಪತ್ತನ್ನು ಆರಿಸಿ, ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂಥ ಕಡೆ ಅನುಭವಿಗಳಿಗೆ ತೋರಿಸಿ ಅಭಿಪ್ರಾಯ ಕೇಳಿರಿ. ಆ ವಿಮರ್ಶೆಯನ್ನು ಕೇಳಿದ ಮೇಲೂ ಕಲಿಯುವ ಹಸಿವು ಹಾಗೇ ಇದ್ದರೆ ಇಟಲಿಗೆ ಹಣ ಕಟ್ಟಿರಿ.

ಪ್ರಶ್ನೆ: ನಾವು ಮುಳಬಾಗಿಲಿನ ನಿವೃತ್ತ ದಂಪತಿ, ಶುದ್ಧ ಸಸ್ಯಾಹಾರಿಗಳು. ಯಜಮಾನರಿಗೆ ಕ್ಯಾಮೆರಾ ಹುಚ್ಚು, ನನಗಿಲ್ಲ. ಇಂಥ ಕಾರ್ಯಾಗಾರಕ್ಕೆ ಜೊತೆಯಲ್ಲಿ ಹೋಗಬಹುದೇ? ಊಟದ ಗತಿ ಏನು?

ಉತ್ತರ: ಹೋಗಬಹುದು, ಅಮ್ಮಾ. ಅನೇಕ ಸಂಘಟಕರು ಚಿತ್ರ ತೆಗೆಯದ ಸಂಗಾತಿಗೆ ಕಡಿಮೆ ದರ ಇಡುತ್ತಾರೆ. ತಂಡ ಹೆಚ್ಚಾಗಿ ತಂಗುವುದು ಅಗ್ರಿತುರಿಸ್ಮೋ ಎಂದು ಕರೆಯುವ ರೈತರ ತೋಟದ ಮನೆಗಳಲ್ಲಿ. ಅವು ಪಟ್ಟಣದಿಂದ ದೂರವಿರುವುದರಿಂದ, ಯಜಮಾನರು ಬೆಳಗಿನ ಜಾವ ಹೊರಟುಹೋದ ಮೇಲೆ ನೀವು ವಾಹನವಿಲ್ಲದೆ ಅಲ್ಲೇ ಉಳಿಯಬೇಕಾಗುತ್ತದೆ. ನಡೆದು ಹೋಗುವಷ್ಟು ಹತ್ತಿರ ಊರಿರುವ ಮನೆಯೇ ಎಂದು ಮೊದಲೇ ವಿಚಾರಿಸಿ. ಊಟಕ್ಕೆ ಕಷ್ಟವಿಲ್ಲ, ಆದರೆ ಎಚ್ಚರ ಬೇಕು. ಪೀಚಿ ಎಂಬ ಕೈಯಲ್ಲಿ ಹೊಸೆದ ದಪ್ಪ ಪಾಸ್ತಾವನ್ನು ಬೆಳ್ಳುಳ್ಳಿ, ಟೊಮೆಟೊ ಗೊಜ್ಜಿನೊಂದಿಗೆ ಕೊಡುತ್ತಾರೆ. ಹುರುಳಿಕಾಯಿ ಜಾತಿಯ ಬಿಳಿ ಕಾಳು, ಸೊಪ್ಪು, ರೊಟ್ಟಿ ಹಾಕಿ ಕುದಿಸಿದ ರಿಬೊಲ್ಲೀತಾ ಎಂಬ ಸಾರು ನಮ್ಮ ನಾಲಿಗೆಗೂ ಒಗ್ಗುತ್ತದೆ. ಆದರೆ ಸಾರಿನ ಬುಡಕ್ಕೆ ಮಾಂಸದ ರಸ ಹಾಕಿರಬಹುದು. ಪಿಯೆಂಜಾದ ಹೆಸರುವಾಸಿ ಕುರಿಹಾಲಿನ ಪೆಕೊರಿನೋ ಚೀಸ್ ಮಾಡಲು ಸಾಮಾನ್ಯವಾಗಿ ಪ್ರಾಣಿಮೂಲದ ಹೆಪ್ಪನ್ನೇ ಬಳಸುತ್ತಾರೆ. ಇವೆರಡನ್ನೂ ಒಲ್ಲೆವೆಂದು ಹೆಸರು ನೋಂದಾಯಿಸುವಾಗಲೇ ಬರೆದು ತಿಳಿಸಿ. ಟಸ್ಕನಿಯ ರೊಟ್ಟಿಗೆ ಉಪ್ಪು ಹಾಕುವುದಿಲ್ಲ, ಚಟ್ನಿಪುಡಿ ಒಯ್ದರೆ ನಷ್ಟವೇನಿಲ್ಲ.

ಪ್ರಶ್ನೆ: ನಾನು ತುಮಕೂರಿನ ಕಾಲೇಜು ವಿದ್ಯಾರ್ಥಿ. ಒಳ್ಳೆಯ ಮೊಬೈಲ್ ಮಾತ್ರ ಇದೆ. ಸೇರಬಹುದೇ?

ಉತ್ತರ: ಸೇರಿಸಿಕೊಳ್ಳುವವರಿದ್ದಾರೆ, ಆದರೆ ಈಗ ಬೇಡ. ಸೂರ್ಯೋದಯದ ಹೊತ್ತಿನ ದೂರದ ದಿಬ್ಬಗಳಿಗೆ ಮೊಬೈಲಿನ ಡಿಜಿಟಲ್ ಜೂಮ್ ಸಾಲದು. ಆ ಹಣದ ಒಂದು ಸಣ್ಣ ಭಾಗದಲ್ಲಿ ಹಳೆಯ ಕ್ಯಾಮೆರಾ, ದೂರದ್ದನ್ನು ಹತ್ತಿರ ತರುವ ಒಂದು ಟೆಲಿಫೋಟೋ ಲೆನ್ಸ್ ಕೊಂಡು ದೇವರಾಯನದುರ್ಗ, ಮಧುಗಿರಿ, ಸಿದ್ಧರಬೆಟ್ಟಗಳನ್ನು ಎಲ್ಲ ಋತುಗಳಲ್ಲೂ ಹತ್ತಿರಿ.

ಪ್ರಶ್ನೆ: ನಾನು ಶಿರಾದಲ್ಲಿ ಮದುವೆ ಛಾಯಾಗ್ರಾಹಕ. ಇಟಲಿಯ ಕಾರ್ಯಾಗಾರಕ್ಕೆ ಹೆಸರು ಕೊಟ್ಟಾಗಿದೆ. ಕ್ಯಾಮೆರಾ ಸಾಮಾನುಗಳ ಜೊತೆ ಡ್ರೋನ್ ಒಯ್ಯಬಹುದೇ?

ಉತ್ತರ: ಒಯ್ಯದಿರುವುದೇ ಲೇಸು. ಯೂರೋಪಿನ ನಿಯಮದಂತೆ, ಕ್ಯಾಮೆರಾ ಇರುವ ಡ್ರೋನ್ 250 ಗ್ರಾಂಗಿಂತ ಹಗುರವಾದರೂ ಹಾರಿಸುವವರು ತಮ್ಮ ಹೆಸರು ನೋಂದಾಯಿಸಬೇಕು. ಇಟಲಿಯಲ್ಲಿ ವಿಮೆಯೂ ಕಡ್ಡಾಯ. ಡ್ರೋನ್ ಭಾರವಾದದ್ದಾದರೆ ಆನ್‌ಲೈನ್ ಪರೀಕ್ಷೆ ಬೇರೆ. ಜೊತೆಗೆ ತಂಡದ ಉಳಿದವರು ಮೌನವಾಗಿ ಕಾಯುತ್ತಿರುವ ಹೊತ್ತಿನಲ್ಲಿ ಅದರ ಗುಂಯ್‌ಗುಟ್ಟುವಿಕೆಯನ್ನು ಯಾರೂ ಸಹಿಸುವುದಿಲ್ಲ. ಅಲ್ಲಿ ಹೊಸ ಡ್ರೋನ್ ಕೊಂಡು ತರುವ ಯೋಚನೆಯನ್ನೂ ಬಿಡಿ. ವಿದೇಶಿ ಡ್ರೋನ್‌ಗಳ ಆಮದನ್ನು ಕೇಂದ್ರ ಸರ್ಕಾರ 2022ರ ಫೆಬ್ರವರಿಯಲ್ಲೇ ನಿಷೇಧಿಸಿದೆ. ಕ್ಯಾಮೆರಾ, ಲೆನ್ಸುಗಳ ವಿಷಯಕ್ಕೆ ಬಂದರೆ, ನಿಮ್ಮಂಥ ವೃತ್ತಿಪರರ ದುಬಾರಿ ಸಾಮಾನುಗಳಿಗೆ ವಾಪಸು ಬರುವಾಗ ಸುಂಕದ ಪ್ರಶ್ನೆ ಏಳಬಾರದೆಂದರೆ, ಹೊರಡುವ ದಿನ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿಗಳಿಗೆ ಅವನ್ನು ತೋರಿಸಿ, ಕ್ರಮಸಂಖ್ಯೆ ನಮೂದಿಸಿದ ರಫ್ತು ಪ್ರಮಾಣಪತ್ರ ಪಡೆದುಕೊಳ್ಳಿ. ಅದಕ್ಕೆ ಸ್ವಲ್ಪ ಹೊತ್ತು ಹಿಡಿಯುವುದರಿಂದ ನಿಲ್ದಾಣಕ್ಕೆ ಬೇಗ ತಲುಪಿರಿ. ಬಿಡಿ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು, ಟ್ರೈಪಾಡನ್ನು ದೊಡ್ಡ ಪೆಟ್ಟಿಗೆಗೆ ಹಾಕಿರಿ.